ಹಾಲು, ವೈರಸ್ಸು ಮತ್ತು ಸ್ತನ ಕ್ಯಾನ್ಸರ್

ಸ್ತನ ಕ್ಯಾನ್ಸರಿಗೆ ವೈರಸ್ಸು ಕಾರಣವಿರಬಹುದೆಂಬ ಅನುಮಾನ ಮೊದಲು ಹುಟ್ಟಿದ್ದು ಹಾಲಿನ ಸುತ್ತ. 1936ರಲ್ಲಿ ಅಮೆರಿಕದ ಜಾನ್ ಬಿಟ್ನರ್, ಸ್ತನದ ಗಡ್ಡೆ ಹೆಚ್ಚಾಗಿ ಕಾಣಿಸುವ ತಳಿಯ ಇಲಿಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಳಿಯ ತಾಯಿಯ ಮೊಲೆಗೆ ಬಿಟ್ಟು ನೋಡಿದರು. ದೊಡ್ಡವಾದಾಗ ಆ ಮರಿಗಳಲ್ಲಿ ಗಡ್ಡೆ ಬಹಳ ಕಡಿಮೆಯಾಗಿತ್ತು. ತಾಯಿಹಾಲಿನಲ್ಲಿ ದಾಟುತ್ತಿದ್ದದ್ದು ಒಂದು ವೈರಸ್ಸು ಎಂದು ಆಮೇಲೆ ಖಚಿತವಾಯಿತು. 2015ರಲ್ಲಿ ಅನುಮಾನ ಹಸುವಿನ ಕಡೆಗೆ ತಿರುಗಿತು. ದನಗಳ ಲ್ಯುಕೇಮಿಯಾ ವೈರಸ್ಸಿನ ಡಿಎನ್‌ಎ, ಸ್ತನ ಕ್ಯಾನ್ಸರ್ ಇದ್ದವರಲ್ಲಿ ಶೇ. 59, ಇಲ್ಲದವರಲ್ಲಿ ಶೇ. 29 ಮಂದಿಯ ಸ್ತನದ ಅಂಗಾಂಶದಲ್ಲಿ ಸಿಕ್ಕಿತೆಂದು ಕ್ಯಾಲಿಫೋರ್ನಿಯಾದ ಗರ್ಟ್ರೂಡ್ ಬ್ಯೂರಿಂಗ್ ತಂಡ ಪ್ರಕಟಿಸಿತು. ಅಕ್ಕಿಹೆಬ್ಬಾಳಿನಂಥ ಊರಿನಲ್ಲಿ ಸೀಮೆಹಸು ಕಟ್ಟಿಕೊಂಡು, ಎರಡು ಹೊತ್ತೂ ಡೈರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಹೆಣ್ಣುಮಕ್ಕಳು ಇದನ್ನು ಕೇಳಿದರೆ ದಿಗಿಲಾಗುವುದು ಸಹಜ.

ಆದರೆ ರೋಗ ಇದ್ದ ಜಾಗದಲ್ಲಿ ವೈರಸ್ಸಿನ ಚೂರು ಸಿಕ್ಕಮಾತ್ರಕ್ಕೆ ರೋಗ ತಂದದ್ದು ಅದೇ ಎನ್ನಲಾಗದು. ಗರ್ಭಕಂಠದ ಕ್ಯಾನ್ಸರನ್ನೇ ನೋಡಿ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಗಡ್ಡೆಗಳಲ್ಲೂ ಎಚ್‌ಪಿವಿ ಎಂಬ ವೈರಸ್ಸು ಇರುತ್ತದೆ. ಅದರ ಜೀನುಗಳು ಜೀವಕೋಶದ ಕಡಿವಾಣ ಕಳಚುವ ಬಗೆ ತಿಳಿದಿದೆ. ಲಸಿಕೆ ಪಡೆದವರಲ್ಲಿ ಆ ಕ್ಯಾನ್ಸರ್ ಇಳಿದಿದೆ. ಸ್ತನ ಕ್ಯಾನ್ಸರಿನ ವಿಷಯದಲ್ಲಿ ಯಾವ ವೈರಸ್ಸೂ ಇಂಥ ಪರೀಕ್ಷೆ ದಾಟಿಲ್ಲ. 2016ರಲ್ಲಿ ಬೆಲ್ಜಿಯಂನ ಸಂಶೋಧಕರು 51 ಸ್ತನ ಗಡ್ಡೆಗಳ ಇಡೀ ಜೀನೋಮನ್ನು ಜಾಲಾಡಿದರು. ದನದ ವೈರಸ್ಸು ಒಂದರಲ್ಲೂ ಇರಲಿಲ್ಲ. ಡಿಎನ್‌ಎ ಚೂರನ್ನು ಕೋಟಿಪಟ್ಟು ಹೆಚ್ಚಿಸುವ, ಬ್ಯೂರಿಂಗ್ ತಂಡ ಬಳಸಿದಂಥ ಪಿಸಿಆರ್ ಪರೀಕ್ಷೆಯಲ್ಲಿ ಹೊರಗಿನ ಒಂದು ಕಣ ಬೆರೆತರೂ ಸಾಕು, ಇಲ್ಲದ್ದು ಇದ್ದಂತೆ ಕಾಣುತ್ತದೆ.

ವೈರಸ್ಸು ಗಡ್ಡೆಗೆ ಚಾಲನೆ ಕೊಟ್ಟು ತಾನು ಮಾಯವಾಗಿರಬಾರದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಹಾಗಿದ್ದರೆ ಎಚ್‌ಐವಿಯಿಂದಲೋ ಕಸಿಯ ಔಷಧಿಗಳಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಸ್ತನ ಕ್ಯಾನ್ಸರ್ ಏರಬೇಕಿತ್ತು. ವೈರಸ್ಸು ತರುವ ಕ್ಯಾನ್ಸರುಗಳು ಅವರಲ್ಲಿ ಏರುತ್ತವೆ, ಇದು ಏರುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಇಟ್ಟುಕೊಂಡು ಬಂದ ಕ್ಯಾನ್ಸರ್ ನೋಂದಣಿಯೂ ನನಗೆ ಬಲವಾದ ಸಾಕ್ಷಿಯಾಗಿ ಕಾಣುತ್ತದೆ. ಮೊದಲ ವರ್ಷಗಳಲ್ಲಿ ನಗರದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೇ ಮುಂದಿತ್ತು. ಅದು ಇಳಿಯುತ್ತ ಬಂದಂತೆ ಸ್ತನದ್ದು ಏರಿತು. ತಡವಾದ ಮದುವೆ, ಕಡಿಮೆ ಹೆರಿಗೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಹೆಚ್ಚಿಸುತ್ತವೆ. ಸ್ತನದ ಮಟ್ಟಿಗೆ ಇದು ಸೋಂಕಿಗಿಂತ ಹಾರ್ಮೋನಿನ ಕಡೆಗೇ ಬೆರಳು ತೋರಿಸುತ್ತದೆ.

ಹಸುವಿನ ಹಾಲಿನ ಬಗ್ಗೆ ಹೇಳುವುದಾದರೆ, ಉಕ್ಕುವವರೆಗೆ ಕಾಯಿಸಿದ ಹಾಲಿನಲ್ಲಿ ಆ ವೈರಸ್ಸು ಉಳಿಯುವುದಿಲ್ಲ. ಇಲಿಯ ಕಥೆ ಕೇಳಿ ಯಾವ ತಾಯಿಯೂ ಮಗುವಿಗೆ ಎದೆಹಾಲು ತಪ್ಪಿಸಬಾರದು. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರಿನ ಅಪಾಯ ಶೇ. 4.3ರಷ್ಟು ತಗ್ಗುವುದು ಕಂಡುಬಂತು.