ಚಿತ್ರಮಂದಿರದ ಬಾಗಿಲಲ್ಲಿ ಕೇಳಿದ ಮಾತು

ಚಲಚ್ಚಿತ್ರವನ್ನು ನೋಡಿ ಬಂದವನು ಅದನ್ನು ಕುರಿತು ಎಷ್ಟು ದಿವಸ ಬಾಯಿ ಮುಚ್ಚಿಕೊಂಡಿರಬೇಕೆಂಬ ಪ್ರಶ್ನೆಯು ಈಚೆಗೆ ನ್ಯಾಯಾಸ್ಥಾನದ ವರೆಗೂ ಹೋಯಿತು. 2024ರ ಡಿಸೆಂಬರಿನಲ್ಲಿ ತಮಿಳು ಚಿತ್ರ ನಿರ್ಮಾಪಕರ ಸಂಘವೊಂದು, ಹೊಸ ಚಿತ್ರವು ತೆರೆಕಂಡ ಮೊದಲ ಮೂರು ದಿವಸಗಳಲ್ಲಿ ಅದರ ವಿಮರ್ಶೆಯನ್ನು ಅಂತರ್ಜಾಲದಲ್ಲಿ ಯಾರೂ ಪ್ರಕಟಿಸದಂತೆ ತಡೆಯಬೇಕೆಂದು ಮದರಾಸು ಉಚ್ಚ ನ್ಯಾಯಾಲಯವನ್ನು ಬೇಡಿಕೊಂಡಿತು. ಅಭಿಪ್ರಾಯ ಪ್ರಕಟನೆಯ ಸ್ವಾತಂತ್ರ್ಯವಿರುವಾಗ ಅಂತಹ ಸಾರಾಸಗಟು ತಡೆಯನ್ನು ವಿಧಿಸಲಾಗದೆಂದು ನ್ಯಾಯಾಲಯವು ನಿರಾಕರಿಸಿತು. ನಿರ್ಮಾಪಕರ ದುಃಖವು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಹಣ ಕೊಟ್ಟರೆ ಹೊಗಳುವ, ಕೊಡದಿದ್ದರೆ ತೆಗಳುವ ಬಾಯಿಗಳು ಈ ವ್ಯಾಪಾರದಲ್ಲಿ ಹುಟ್ಟಿಕೊಂಡಿರುವುದನ್ನು ಎಲ್ಲರೂ ಬಲ್ಲರು. ಆದರೆ ಆ ನೆವದಿಂದ, ಸ್ವಂತ ದುಡ್ಡು ತೆತ್ತು ಚೀಟಿ ಕೊಂಡು ಕುಳಿತವನ ಬಾಯಿಗೂ ಬೀಗ ಹಾಕಬೇಕೆನ್ನುವುದು ಯಾವ ನ್ಯಾಯ? ಆತನ ಬಾಯಿಮಾತಿನಿಂದಲೇ ಕನ್ನಡ ಚಿತ್ರೋದ್ಯಮವು ಎಷ್ಟೋ ಸಲ ಬದುಕಿದೆ ಎಂಬುದನ್ನು ಈ ಉದ್ಯಮಿಗಳು ಮರೆತಂತೆ ತೋರುತ್ತದೆ.

2025ರ ಜುಲೈ 25ನೆಯ ತಾರೀಖನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ಅಂದು ಕನ್ನಡನಾಡಿನ ಚಿತ್ರಮಂದಿರಗಳಿಗೆ ಎರಡು ಚಿತ್ರಗಳು ಬಂದವು. ಒಂದು, ಜೆ. ಪಿ. ತುಮಿನಾಡು ಅವರು ನಿರ್ದೇಶಿಸಿದ ‘ಸು ಫ್ರಮ್ ಸೋ’. ಮತ್ತೊಂದು, ಅಶ್ವಿನ್ ಕುಮಾರ್ ಅವರ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ, ಎಂದರೆ ನಟನಟಿಯರ ಮುಖವೇ ಇಲ್ಲದೆ ಗಣಕಯಂತ್ರದಲ್ಲಿ ರಚಿಸಿದ ರೂಪಗಳಿಗೆ ಚಲನೆ ಕೊಟ್ಟು ಮಾಡಿದ ಚಿತ್ರ. ಮೊದಲನೆಯದರಲ್ಲಿ ಹೆಸರಾಂತ ನಾಯಕರಿಲ್ಲ. ಎರಡನೆಯದರಲ್ಲಿ ನಾಯಕರ ಶರೀರವೇ ಇಲ್ಲ. ಎರಡಕ್ಕೂ ಮೊದಲ ದಿವಸದಲ್ಲಿ ನೂಕುನುಗ್ಗಲು ಇರಲಿಲ್ಲ. ‘ಮಹಾವತಾರ ನರಸಿಂಹ’ದ ಮೊದಲ ದಿವಸದ ಗಳಿಕೆಯು ಇಡೀ ದೇಶದಲ್ಲಿ ಎರಡು ಕೋಟಿ ರೂಪಾಯಿಗಳನ್ನೂ ಮುಟ್ಟಲಿಲ್ಲವೆಂದು ವ್ಯಾಪಾರಿಗಳೇ ಲೆಕ್ಕ ಹೇಳಿದರು. ಮೂರು ದಿವಸ ಕಳೆಯುವುದರೊಳಗೆ ಎರಡಕ್ಕೂ ಚೀಟಿ ಸಿಕ್ಕುವುದು ಕಷ್ಟವಾಯಿತು. ಮುಂದೆ ಮೊದಲನೆಯದು ನೂರು ಕೋಟಿಯನ್ನು ದಾಟಿತು. ಎರಡನೆಯದು ಮುನ್ನೂರು ಕೋಟಿಯನ್ನು ಮೀರಿ, ಭಾರತದ ಅನಿಮೇಷನ್ ಚಿತ್ರಗಳಲ್ಲಿ ಹಿಂದೆಂದೂ ಇಲ್ಲದ ಗಳಿಕೆಯನ್ನು ಪಡೆಯಿತು. ಮೊದಲ ಮೂರು ದಿವಸ ಯಾರೂ ಏನನ್ನೂ ಆಡಬಾರದೆಂಬ ಕಟ್ಟಳೆಯಿದ್ದಿದ್ದರೆ ಈ ಎರಡೂ ಚಿತ್ರಗಳ ಗತಿ ಏನಾಗುತ್ತಿತ್ತೆಂಬುದನ್ನು ನಿರ್ಮಾಪಕರೇ ಯೋಚಿಸಲಿ.

ಜನರು ಏನನ್ನು ಮೆಚ್ಚಿದರು, ಏನನ್ನು ಮೆಚ್ಚಲಿಲ್ಲ ಎಂಬುದನ್ನು ತಿಳಿಯುವ ಕುತೂಹಲದಿಂದ ನಾವು ಒಂದು ಭಾನುವಾರ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರ ಬಾಗಿಲಲ್ಲಿ, ಆಟ ಬಿಡುವ ಹೊತ್ತಿಗೆ ಹೋಗಿ ನಿಂತೆವು. ‘ನರಸಿಂಹ’ನನ್ನು ನೋಡಿ ಹೊರಬಂದವರಲ್ಲಿ ನಡುಹರೆಯದವರೂ ವೃದ್ಧರೂ ಮಕ್ಕಳಿಗಿಂತ ಹೆಚ್ಚಾಗಿದ್ದುದು ನಮಗೆ ಮೊದಲ ಆಶ್ಚರ್ಯ. ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಚಿತ್ರ ಹೇಗಿತ್ತೆಂದು ನಾವು ಕೇಳಲು, ಅವರು ಉತ್ತರವಾಗಿ 1983ರ ‘ಭಕ್ತ ಪ್ರಹ್ಲಾದ’ವನ್ನು ನೋಡಿದ್ದೀರಾ ಎಂದು ನಮ್ಮನ್ನೇ ಕೇಳಿದರು. ನೋಡದೆ ಏನು? ರಾಜಕುಮಾರರು ಹಿರಣ್ಯಕಶಿಪುವಾಗಿ, ಅವರ ಮಗ ಬಾಲಕ ಪುನೀತನು ಪ್ರಹ್ಲಾದನಾಗಿ ಅಭಿನಯಿಸಿದ ಆ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಆ ಚಿತ್ರದಲ್ಲಿ ಹಿರಣ್ಯಕಶಿಪು ಕಣ್ಣರಳಿಸಿದರೆ ಎದೆ ನಡುಗುತ್ತಿತ್ತು, ಈ ಚಿತ್ರದಲ್ಲಿ ಕಂಬವೊಡೆದಾಗ ಎದೆ ನಡುಗಿತು. ಆಗ ನರಸಿಂಹನು ಬರುವ ಹೊತ್ತಿಗೆ ಬಣ್ಣದ ವೇಷವೆಂದು ಗೊತ್ತಾಗುತ್ತಿತ್ತು, ಈಗ ಗೊತ್ತಾಗಲಿಲ್ಲ. ಆದರೆ ತಂದೆಯ ಸಂಕಟವು ಆಗ ಕಂಡಂತೆ ಈಗ ಕಾಣಲಿಲ್ಲ, ಎಂದರು. ಪುಟಗಟ್ಟಲೆ ಬರೆಯುವ ವಿಮರ್ಶಕರಲ್ಲಿ ಎಷ್ಟು ಮಂದಿ ಇದನ್ನು ಇಷ್ಟು ಸರಿಯಾಗಿ ಹೇಳಿದ್ದಾರೆಂದು ನಾವು ಅರಿಯೆವು. ದೈವತ್ವವನ್ನು ತೋರಿಸುವುದರಲ್ಲಿ ಯಂತ್ರವು ನಟನನ್ನು ಗೆದ್ದಿದೆ. ಮನುಷ್ಯತ್ವವನ್ನು ತೋರಿಸುವುದರಲ್ಲಿ ಸೋತಿದೆ.

ಮೊಮ್ಮಗನ ಅಭಿಪ್ರಾಯವು ಬೇರೆಯಾಗಿತ್ತು. ವರಾಹನ ಭಾಗವು ಚೆನ್ನಾಗಿದೆಯೆಂದೂ, ಆದರೆ ಜನರು ನಡೆಯುವಾಗ ಗೊಂಬೆಗಳಂತೆ ನಡೆಯುವರೆಂದೂ, ಜಪಾನಿನ ಚಿತ್ರಗಳಲ್ಲಿ ಹಾಗಿರುವುದಿಲ್ಲವೆಂದೂ ಆ ಹುಡುಗ ಸಂಕೋಚವಿಲ್ಲದೆ ಹೇಳಿದನು. ತಾತನಿಗೆ ಇದು ಹಿಡಿಸಲಿಲ್ಲ. ದೇವರ ಚಿತ್ರದಲ್ಲಿ ಹುಳುಕು ಹುಡುಕಬಾರದೆಂದರು. ನಾವು ಹುಡುಗನ ಪಕ್ಷದವರು. ಭಕ್ತಿಯ ಕಥೆಯೆಂಬ ಕಾರಣಕ್ಕೆ ಕೆಲಸದ ಕೊರತೆಯನ್ನು ಮನ್ನಿಸುತ್ತ ಹೋದರೆ ಮುಂದಿನ ಚಿತ್ರವು ಇದಕ್ಕಿಂತ ಉತ್ತಮವಾಗಲು ಕಾರಣವೇ ಉಳಿಯದು. ಇದೇ ಮಾಲೆಯಲ್ಲಿ ದಶಾವತಾರದ ಇನ್ನೂ ಹಲವು ಚಿತ್ರಗಳನ್ನು ಮಾಡುವೆವೆಂದು ನಿರ್ಮಾಪಕರು ಸಾರಿರುವಾಗ, ಈ ಮಾತು ಅವರ ಕಿವಿಗೆ ಬೀಳುವುದು ಒಳ್ಳೆಯದು. ಐದು ವರ್ಷದ ಮಗಳನ್ನು ಎತ್ತಿಕೊಂಡಿದ್ದ ತಾಯಿಯೊಬ್ಬರು, ಕೊನೆಯ ಯುದ್ಧದಲ್ಲಿ ಮಗುವು ಹೆದರಿ ಸೆರಗಿನಲ್ಲಿ ಮುಖ ಮರೆಸಿಕೊಂಡಿತೆಂದರು. ಆದರೂ ಎದ್ದು ಬರೋಣವೆಂದರೆ ಬರಲೊಲ್ಲದಂತೆ.

ಅನಿಮೇಷನ್ ಚಿತ್ರವೆಂದರೆ ಮಕ್ಕಳ ಆಟಿಕೆಯೆಂಬ ಭಾವನೆಯು ನಮ್ಮಲ್ಲಿ ಎಲ್ಲಿಂದ ಬಂದಿತೋ ತಿಳಿಯದು. ಇದು ನಮ್ಮ ಪೂರ್ವಿಕರದಂತೂ ಅಲ್ಲ. ಚರ್ಮವನ್ನು ಹದಮಾಡಿ, ಬಣ್ಣ ಕೊಟ್ಟು, ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಭಾರತಗಳನ್ನು ಆಡಿಸುತ್ತಿದ್ದ ತೊಗಲುಗೊಂಬೆಯವರ ಮುಂದೆ ರಾತ್ರಿಯೆಲ್ಲ ಕುಳಿತಿರುತ್ತಿದ್ದವರು ಮಕ್ಕಳೇನು? ಊರ ಗೌಡ, ಶಾನುಭೋಗ, ಒಕ್ಕಲಿಗ, ಕುಂಬಾರ, ಎಲ್ಲರೂ ಕುಳಿತಿದ್ದರು. ಮಕ್ಕಳು ಬೆಳಗಿನ ಜಾವಕ್ಕೆ ಮುಂಚೆಯೇ ನಿದ್ದೆ ಹೋಗಿರುತ್ತಿದ್ದರು. ಪರದೆಯ ಮೇಲೆ ಚಲಿಸುವ ಬಣ್ಣದ ನೆರಳು ರಾವಣನೇ ಎಂದು ನಂಬುವ ಶಕ್ತಿಯು ನಮ್ಮ ಜನರಿಗೆ ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಇತ್ತು. ಇದನ್ನು ಅರಿಯದೆ, 2005ರಲ್ಲಿ ‘ಹನುಮಾನ್’ ಎಂಬ ಹಿಂದಿಯ ಅನಿಮೇಷನ್ ಚಿತ್ರವು ಗೆದ್ದಾಗ ವ್ಯಾಪಾರಿಗಳು ಅದು ಮಕ್ಕಳಿಂದಾದ ಗೆಲವೆಂದರು. 2014ರಲ್ಲಿ ರಜನೀಕಾಂತರ ‘ಕೋಚಡೈಯಾನ್’ ಸೋತಾಗ ದೊಡ್ಡವರಿಗೆ ಇದು ಬೇಕಿಲ್ಲವೆಂದರು. ಚೀನದಲ್ಲಿ 2025ರ ಜನವರಿಯಲ್ಲಿ ತೆರೆಕಂಡ ‘ನೆಜಾ 2’ ಎಂಬ ಪುರಾಣಚಿತ್ರವು ಇನ್ನೂರು ಕೋಟಿ ಡಾಲರುಗಳಿಗೂ ಮಿಕ್ಕ ಗಳಿಕೆಯಿಂದ ಲೋಕದ ಅನಿಮೇಷನ್ ಚಿತ್ರಗಳಲ್ಲೆಲ್ಲ ಮೊದಲ ಸ್ಥಾನಕ್ಕೆ ಏರಿತು. ಆ ಹಣದ ಬಹುಭಾಗವೂ ಚೀನದ ಒಳಗೇ ಬಂದುದು, ಅದೂ ತಮ್ಮ ಪುರಾಣವನ್ನು ತಮ್ಮ ಭಾಷೆಯಲ್ಲಿ ನೋಡಿದ ಜನರಿಂದ ಬಂದುದು. ಅದನ್ನು ಮಾಡಿದ ಜಿಯಾವ್‌ಜಿ ಎಂಬಾತನು ವೈದ್ಯ ಕಾಲೇಜಿನಲ್ಲಿ ಓದಿ ಆ ವಿದ್ಯೆಯನ್ನು ಬಿಟ್ಟು ಬಂದವನು.

‘ಸು ಫ್ರಮ್ ಸೋ’ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಕ್ಕವರು ಕಾರಣ ಹೇಳಲಾರರು. ಸೋಮೇಶ್ವರದ ಸುಲೋಚನೆಯೆಂಬ ಸತ್ತ ಹೆಂಗಸು ಕರಾವಳಿಯ ಹಳ್ಳಿಯ ಹುಡುಗನೊಬ್ಬನ ಮೈಮೇಲೆ ಬಂದಳೆಂದು ಊರೆಲ್ಲ ನಂಬುವ ಕಥೆ ಅದು. ಧಾರವಾಡ ಕಡೆಯ ಸರಕಾರಿ ನೌಕರರೊಬ್ಬರು, ಮೊದಲ ಕಾಲು ಗಂಟೆ ಆ ಕಡಲಕರೆಯ ಮಾತು ಕಿವಿಗೆ ಹತ್ತಲಿಲ್ಲವೆಂದೂ, ಆಮೇಲೆ ಅದರಿಂದಲೇ ನಗು ಬಂದಿತೆಂದೂ ಹೇಳಿದರು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರದ ನಾಯಕಿಯೂ ಸುಲೋಚನೆಯೇ ಎಂಬುದು ನಮಗೆ ನೆನಪಾಯಿತು. ಆ ಸತಿ ಸುಲೋಚನೆಗೂ ಈ ಪ್ರೇತ ಸುಲೋಚನೆಗೂ ನಡುವೆ ತೊಂಬತ್ತೊಂದು ವರ್ಷಗಳು!

ಇನ್ನು ಮಹಾಗಾತ್ರದ ಚಿತ್ರಗಳ ಮಾತು. ರಿಷಬ್ ಶೆಟ್ಟರ ‘ಕಾಂತಾರ’ವು 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡಿತು, ನೋಡಿದವರ ಮಾತು ಗಡಿ ದಾಟಿತು, ಎರಡು ವಾರಗಳ ಮೇಲೆ ಅದು ಹಿಂದಿಗೆ ಹೋಯಿತು. 2025ರ ಅಕ್ಟೋಬರ್ 2ರಂದು ಅದರ ಪೂರ್ವಕಥೆಯು ಮೊದಲ ದಿವಸವೇ ಹಲವು ಭಾಷೆಗಳಲ್ಲಿ ಬಂದಿತು. ಎರಡನ್ನೂ ನೋಡಿದ ಯುವಕರನೇಕರನ್ನು ನಾವು ವಿಚಾರಿಸಿದೆವು. ಕಣ್ಣಿಗೆ ಹಬ್ಬವಾಯಿತೆಂದು ಎಲ್ಲರೂ ಒಪ್ಪಿದರು. ಆದರೆ ಮೊದಲನೆಯದರಲ್ಲಿ ಕಾಡಿನ ವಾಸನೆಯಿತ್ತು, ಎರಡನೆಯದರಲ್ಲಿ ರಣರಂಗದ ಧೂಳು ಹೆಚ್ಚಾಯಿತು ಎಂದು ಹೇಳಿದವರು ಒಬ್ಬಿಬ್ಬರಲ್ಲ. ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬಂದು ಕುಣಿದವರೂ ಉಂಟಾಗಿ, ದೈವಾರಾಧಕರ ಮನಸ್ಸು ನೊಂದು, ಹಾಗೆ ಮಾಡಬೇಡಿರೆಂದು ಚಿತ್ರದವರೇ ಬೇಡಿಕೊಳ್ಳಬೇಕಾಯಿತು. ಇದು ಅಭಿಪ್ರಾಯವಲ್ಲ, ಅವಿವೇಕ.

ಇನ್ನೊಂದು ಸಂಗತಿಯು ನಮಗೆ ಬೇಸರವನ್ನುಂಟುಮಾಡಿತು. ಚಿತ್ರ ಹೇಗಿದೆಯೆಂದು ಕೇಳಿದರೆ ಕೆಲವು ತರುಣರು ಎಷ್ಟು ಕೋಟಿ ಬಂದಿತೆಂದು ಹೇಳತೊಡಗಿದರು. ಮೊದಲ ದಿವಸ ಇಷ್ಟು, ವಾರಾಂತ್ಯಕ್ಕೆ ಇಷ್ಟು, ಹೊರದೇಶದಲ್ಲಿ ಇಷ್ಟು! ಆ ಕೋಟಿಗಳಲ್ಲಿ ಒಂದು ಕಾಸೂ ತನಗೆ ಬರದ ಕಾಲೇಜು ಹುಡುಗನು ನಿರ್ಮಾಪಕನ ಗುಮಾಸ್ತನಂತೆ ಲೆಕ್ಕ ಒಪ್ಪಿಸುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವನ ಜೇಬಿನಿಂದ ಹೋಗುವ ಹಣದ ಲೆಕ್ಕವನ್ನು ಅವನು ಹೇಳಿದ್ದರೆ ನಾವು ಗಮನವಿಟ್ಟು ಕೇಳುತ್ತಿದ್ದೆವು. ಚೀಟಿಯ ದರವು ತೆರಿಗೆಗಳನ್ನು ಬಿಟ್ಟು 200 ರೂಪಾಯಿಗಳನ್ನು ಮೀರಕೂಡದೆಂದು ಕರ್ನಾಟಕ ಸರಕಾರವು 2025ರ ಮಾರ್ಚಿಯ ಮುಂಗಡಪತ್ರದಲ್ಲಿ ಸಾರಿ, ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು. ಅದೇ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ಮಧ್ಯಂತರ ತಡೆಯಾಜ್ಞೆ ಕೊಟ್ಟಿತು. ಕಾನೂನಿನ ಮಾತನ್ನು ನ್ಯಾಯಾಲಯಕ್ಕೇ ಬಿಡೋಣ. ಆದರೆ ನಾಲ್ವರ ಕುಟುಂಬವು ಬಹುಪರದೆಯ ಮಂದಿರಕ್ಕೆ ಹೋಗಿ ಬರುವುದರಲ್ಲಿ ತಿಂಗಳ ಹಾಲಿನ ಹಣ ಕರಗಿದರೆ, ಆ ಕುಟುಂಬವು ವರ್ಷಕ್ಕೊಮ್ಮೆ ಮಹಾಗಾತ್ರದ ಚಿತ್ರವನ್ನು ಮಾತ್ರ ನೋಡುವುದು. ‘ಸು ಫ್ರಮ್ ಸೋ’ದಂತಹ ಚಿಕ್ಕ ಚಿತ್ರಕ್ಕೆ ಮೊದಲ ದಿವಸದ ನಾಲ್ಕು ಜನರೂ ದೊರೆಯರು.

ಕೊನೆಗೆ ಭಾಷೆಯ ಮಾತು. ಬಾಗಿಲಲ್ಲಿ ನಮಗೆ ಅತ್ಯಂತ ಹೆಚ್ಚಾಗಿ ಕೇಳಿಬಂದ ಮೆಚ್ಚುಗೆಯು ಬಣ್ಣಕ್ಕೂ ಅಲ್ಲ, ಯುದ್ಧಕ್ಕೂ ಅಲ್ಲ. ‘ಮಹಾವತಾರ ನರಸಿಂಹ’ವು ಕನ್ನಡದ ಮಾತುಗಳೊಡನೆ ಬಂದಿತೆಂಬುದಕ್ಕೆ. ಇದರ ಹಿಂದೆ ಒಂದು ಚರಿತ್ರೆಯುಂಟು. 1960ರ ದಶಕದಲ್ಲಿ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು ತಯಾರಾಗುತ್ತಿದ್ದಾಗ, ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಕೊಟ್ಟು ಮಾರುವ ಪದ್ಧತಿಯನ್ನು ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮೊದಲಾದವರು ವಿರೋಧಿಸಿದರು, ಡಬ್ಬಿಂಗ್ ನಿಂತುಹೋಯಿತು. ಅಂದಿನ ಸ್ಥಿತಿಯಲ್ಲಿ ಅದು ಯುಕ್ತವೇ ಆಗಿತ್ತು. ನಮ್ಮ ಕಲಾವಿದರಿಗೆ ಅನ್ನ ದೊರೆತುದು ಅದರಿಂದ. ಆದರೆ ಶಾಸನವಿಲ್ಲದ ಆ ಕಟ್ಟುಪಾಡು ಸುಮಾರು ಐವತ್ತು ವರ್ಷ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅದು ಸಲ್ಲದೆಂದು ತೀರ್ಪಿತ್ತು ದಂಡವನ್ನೂ ವಿಧಿಸಿತು. ಆ ಐವತ್ತು ವರ್ಷಗಳಲ್ಲಿ ಕನ್ನಡದ ಮಕ್ಕಳು ಲೋಕದ ಅನಿಮೇಷನ್ ಚಿತ್ರಗಳನ್ನೆಲ್ಲ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ನೋಡಿದರು. ಬರೆದ ಸಿಂಹಕ್ಕೆ ಸ್ವಂತ ಭಾಷೆಯೆಂಬುದಿಲ್ಲ. ಅದರ ಬಾಯಿಗೆ ಯಾವ ಭಾಷೆಯನ್ನಿಟ್ಟರೂ ಅದು ಡಬ್ಬಿಂಗೇ. ಅಲ್ಲಿ ಯಾವ ಕನ್ನಡ ನಟನ ಅನ್ನವೂ ಹೋಗುವುದಿಲ್ಲ. ಬದಲಾಗಿ ಹತ್ತು ಮಂದಿ ಕನ್ನಡ ಕಂಠದವರಿಗೆ ಕೆಲಸ ದೊರೆಯುತ್ತದೆ.

ಕಟ್ಟುಪಾಡು ಹೋದರೂ ಅಭ್ಯಾಸವು ಹೋಗಲಿಲ್ಲ. 2022ರ ಡಿಸೆಂಬರಿನಲ್ಲಿ ‘ಅವತಾರ್’ನ ಎರಡನೆಯ ಭಾಗವು ಕನ್ನಡದಲ್ಲಿ ಬಂದಿತು, ಎರಡು ವರ್ಷಗಳ ಮೇಲೆ, 2024ರ ಡಿಸೆಂಬರಿನಲ್ಲಿ, ‘ಮುಫಾಸಾ’ ಎಂಬ ಸಿಂಹರಾಜನ ಕಥೆಯು ಇಂಗ್ಲಿಷು, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. ಕೇಳುವವರಿಲ್ಲವೆಂದು ವಿತರಕರು ಹೇಳುವರೆಂದು ತೋರುತ್ತದೆ. ‘ನರಸಿಂಹ’ನಿಗೆ ಸೇರಿದ ಜನಸಂದಣಿಯನ್ನು ಅವರು ಲೆಕ್ಕಕ್ಕೆ ಹಿಡಿಯುವರೋ ಇಲ್ಲವೋ ಕಾದು ನೋಡಬೇಕು.

ಆ ‘ಮುಫಾಸಾ’ವನ್ನು ನಾವೂ ಒಂದು ಸಂಜೆ ನೋಡಿದ್ದೆವು. ನಮ್ಮ ಮುಂದಿನ ಸಾಲಿನಲ್ಲಿ ತಂದೆಯೊಬ್ಬನು ಆರು ವರ್ಷದ ಮಗನಿಗೆ ಮಾತುಮಾತನ್ನೂ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದನು. “ಈಗ ಅವನು ಏನಂದ, ಅಪ್ಪಾ?” ಎಂದು ಹುಡುಗ, “ಅಮ್ಮನನ್ನು ಹುಡುಕುತ್ತಿದ್ದಾನೆ, ಕಂದ” ಎಂದು ತಂದೆ. ಪಕ್ಕದ ಸಾಲಿನಿಂದ ಯಾರೋ ಸುಮ್ಮನಿರಿ ಎಂದು ಗದರಿದರು. ಅಲ್ಲಿಂದ ಮುಂದೆ ತಂದೆಯು ಮಾತಾಡಲಿಲ್ಲ. ಹುಡುಗನು ಕಥೆ ಮುಗಿಯುವ ವರೆಗೂ ಚಿತ್ರವನ್ನು ನೋಡುತ್ತಲೇ ಇದ್ದನು, ಏನನ್ನೂ ಕೇಳಲಿಲ್ಲ.