ಕಲ್ಲು ಕಲಿಸುವ ಮಾರ್ದವ

ಕಾವೇರಿ ತೀರದ ಕೊಣನೂರಿನಲ್ಲಿ ಕಿರುಶಿಲ್ಪ ಅಭ್ಯಸಿಸುವ ವಿದ್ಯಾರ್ಥಿಯು ಜೇಡಿಮಣ್ಣು, ಮರ, ಬಳಪದ ಕಲ್ಲುಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡುತ್ತಾನೆ. ಹಸಿಮಣ್ಣಿನಲ್ಲಾದ ತಪ್ಪನ್ನು ಬೆರಳಿನಿಂದಲೇ ತಿದ್ದಬಹುದು. ಮರದಲ್ಲಿ ಎಳೆಯ ದಿಕ್ಕನ್ನು ಅನುಸರಿಸಬೇಕು. ಕಲ್ಲಿನಿಂದ ಒಮ್ಮೆ ಹಾರಿದ ಚಕ್ಕೆ ಮರಳಿ ಕೂಡದು.

ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಮಾನಕಷಾಯವನ್ನು, ಅಂದರೆ ಅಹಂಕಾರವನ್ನು, ಕಲ್ಲು, ಮೂಳೆ, ಮರ, ಬೆತ್ತಗಳಿಗೆ ಹೋಲಿಸಿದ್ದಾರೆ. ಬೆತ್ತದಂತಹ ಮಾನ ಬೇಗ ಬಾಗುತ್ತದೆ, ಕಲ್ಲಿನಂತಹದು ಬಾಗಲೊಲ್ಲದು.

ಆದರೆ ಅವರ ಕಾಲದಲ್ಲೇ, ಕ್ರಿ.ಶ. 981ರ ಸುಮಾರಿಗೆ, ಚಾವುಂಡರಾಯನು ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಕಡೆಯಿಸಿದ 58 ಅಡಿಯ ಬಾಹುಬಲಿಯೂ ಕಲ್ಲೇ. ಶಿಲ್ಪಿ ಅಲ್ಲಿ ಹೊಸದೇನನ್ನೂ ಸೇರಿಸಲಿಲ್ಲ, ಬೇಡದ್ದನ್ನು ತೆಗೆದನು. ಕರ್ಮನಿರ್ಜರೆಯ ರೀತಿಯೂ ಇದೇ. ‘ನನ್ನ ಮಾನ ಯಾವ ವಸ್ತುವಿನದು?’ ಎಂದು ಕೇಳಿಕೊಳ್ಳುವುದೇ ಉತ್ತಮ ಮಾರ್ದವದ ಮೊದಲ ಉಳಿಯೇಟು.