ಏಳದ ಲಿಫ್ಟು, ಬಿಚ್ಚದ ಮೇಸ್ತ್ರಿ

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಸಿಂಧನೂರು, ಗಂಗಾವತಿ ಬಯಲಿನಲ್ಲಿ ಭತ್ತದ ನಾಟಿ ಹತ್ತಿರವಾದಾಗ ಟ್ರ್ಯಾಕ್ಟರ್ ಕೈಕೊಟ್ಟರೆ ರೈತನಿಗೆ ನಿದ್ದೆಯಿಲ್ಲ. ಎಂಜಿನ್ ಗಟ್ಟಿಯಾಗಿದ್ದರೂ ನೇಗಿಲು ಎತ್ತುವ ಹಿಂದಿನ ತೋಳು, ಅಂದರೆ ಲಿಫ್ಟು, ಏಳದಿದ್ದರೆ ಬದುವಿನ ಬಳಿ ಗಾಡಿ ತಿರುಗಿಸುವುದೇ ಕಷ್ಟ. ಮ್ಯಾಸಿ 1035ರಂಥ ಹಳೆಯ ಗಾಡಿಗಳ ‘ಲಿಫ್ಟ್ ಏಳ್ತಿಲ್ಲ’ ಎಂಬ ದೂರಿಗೆ ಮದ್ದು ಬಲ್ಲ ಮೇಸ್ತ್ರಿಗಳ ಕಸುಬೇ ಬೇರೆ. ಎಷ್ಟು ಕಡಿಮೆ ಬಿಚ್ಚಿ ರೋಗ ಹೇಳುತ್ತಾರೆ ಎಂಬುದರ ಮೇಲೆ ಅವರ ಹೆಸರು ನಿಂತಿರುತ್ತದೆ.

ಬಿಚ್ಚುವುದು ಅಷ್ಟು ದೊಡ್ಡ ಕೆಲಸವಾಗಲು ಕಾರಣ ಟ್ರ್ಯಾಕ್ಟರ್ ರೂಪಿಸಿದ ಐರ್ಲೆಂಡಿನ ಹ್ಯಾರಿ ಫರ್ಗುಸನ್. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಿಂದ ಹೊರಬಂದ ಅವನ ಟಿಇ20 ಟ್ರ್ಯಾಕ್ಟರ್, ಆಮೇಲಿನ ಮ್ಯಾಸಿ ಫರ್ಗುಸನ್ 35, ಅದರ ವಂಶದ ನಮ್ಮ 1035, ಮೂರರಲ್ಲೂ ಲಿಫ್ಟಿನ ಹೈಡ್ರಾಲಿಕ್ ಪಂಪು ಹಿಂದಿನ ಹೌಸಿಂಗಿನೊಳಗೆ ಗೇರ್ ಆಯಿಲಿನಲ್ಲೇ ಮುಳುಗಿ ಕೂತಿದೆ. ಅದನ್ನು ಓಡಿಸುವುದು, ಹಿಂದೆ ಕಟ್ಟಿದ ಯಂತ್ರಗಳಿಗೆ ಎಂಜಿನ್ ಶಕ್ತಿ ಕೊಡುವ ಪಿಟಿಒ ಶಾಫ್ಟು. ಹಾಗಾಗಿ ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಲಿಫ್ಟೂ ಏಳದು. ಮೇಸ್ತ್ರಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆ ಲಿವರ್ ಸರಿಸಿಯೇ ರಿಪೇರಿ ಮುಗಿದರೆ ಕೂಲಿ ಕೇಳುವುದು ಹೇಗೆ ಎನ್ನುವುದು ಬೇರೆ ಮಾತು!

ಆಮೇಲೆ ಡಿಪ್‌ಸ್ಟಿಕ್. ಎಣ್ಣೆ ಕಡಿಮೆಯಿದ್ದರೆ ತುಂಬಬೇಕು, ಬಿಳಿಚಿಕೊಂಡಿದ್ದರೆ ನೀರು ಸೇರಿದೆ. ಕೇಜ್ ವೀಲ್ ಹಾಕಿ ಕೆಸರಲ್ಲಿ ಓಡುವ ಗಾಡಿಗೆ ಸವೆದ ಸೀಲಿನಿಂದ, ಮಳೆಯಲ್ಲಿ ನಿಂತ ಗಾಡಿಗೆ ಗೇರ್ ಲಿವರಿನ ಹರಿದ ರಬ್ಬರಿನಿಂದ ನೀರಿಳಿಯುತ್ತದೆ. ಪಂಪಿಗೆ ಎಣ್ಣೆ ಬಿಡುವ ಕಂಟ್ರೋಲ್ ವಾಲ್ವ್ ಬಲು ಸಣ್ಣ ಸಂದಿಯಲ್ಲಿ ಜಾರುವ ಭಾಗ. ತುಕ್ಕು ಹಿಡಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಏರಿದ ತೋಳು ಇಳಿಯಲೊಲ್ಲದಿದ್ದರೆ ಅನುಮಾನ ಇದರ ಮೇಲೆ.

ಉಳಿದದ್ದನ್ನು ತೋಳಿನ ನಡವಳಿಕೆಯೇ ಹೇಳುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ಕುಸಿದರೆ ಲಿಫ್ಟ್ ಸಿಲಿಂಡರಿನ ರಿಂಗೋ ಪೈಪಿನ ಓ-ರಿಂಗೋ ಸೋರುತ್ತಿರಬೇಕು. ಬಿಕ್ಕಳಿಸುತ್ತ ಏರಿದರೆ ಪಂಪಿನ ನಾಲ್ಕು ಪಿಸ್ಟನ್‌ಗಳಲ್ಲೊಂದರ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಬೆಳಗ್ಗೆ ಚುರುಕಾಗಿದ್ದು, ಎಣ್ಣೆ ಕಾದ ಮೇಲೆ ಸೋತರೆ ಸವಕಳಿ: ತೆಳುವಾದ ಎಣ್ಣೆ ಸಂದಿಯಲ್ಲಿ ನುಸುಳಿಹೋಗುತ್ತದೆ. ಖಾಲಿ ತೋಳು ಏರಿ, ನೇಗಿಲು ಕಟ್ಟಿದರೆ ಏರದಿದ್ದರೆ ಒತ್ತಡ ಮೀರದಂತೆ ಎಣ್ಣೆ ಹೊರಬಿಡುವ ರಿಲೀಫ್ ವಾಲ್ವನ್ನೂ ನೋಡಬೇಕು. ಕೇಳಿದ ತಕ್ಷಣ ‘ಪಂಪು ಹೋಗಿದೆ, ಹೊಸದು ತನ್ನಿ’ ಎನ್ನುವವನನ್ನು ನಾನಂತೂ ನಂಬುವುದಿಲ್ಲ.

ಇಷ್ಟಾದ ಮೇಲೆ ಸ್ಪ್ಯಾನರ್. ಮೊದಲು ಕಲ್ಟಿವೇಟರ್ ನೆಲಕ್ಕಿಳಿದಿರಬೇಕು. ಎತ್ತಿ ನಿಲ್ಲಿಸಿದ್ದರ ಕೆಳಗೆ ಯಾರೂ ತೂರುವಂತಿಲ್ಲ. ಬೇಕಾದಷ್ಟು ಎಣ್ಣೆ ಇಳಿಸಿ ಪಕ್ಕದ ಮುಚ್ಚಳ ತೆಗೆದು, ಒಬ್ಬ ಸೀಟಿನಲ್ಲಿ ಕೂತು ಲಿವರ್ ಎತ್ತುವಾಗ ಇನ್ನೊಬ್ಬ ಕೈ ಹೊರಗಿಟ್ಟೇ ಟಾರ್ಚ್ ಬಿಡುತ್ತಾನೆ. ಎಣ್ಣೆ ಎಲ್ಲಿಂದ ಚಿಮ್ಮುತ್ತದೋ ಅಲ್ಲಿ ಸೋರಿಕೆ. ಸೀಟು ಸಮೇತ ಭಾರದ ಮೇಲ್ಮುಚ್ಚಳವನ್ನು ಚೈನ್ ಪುಲ್ಲಿ ಹಾಕಿ ಎತ್ತುವುದು ಇದಕ್ಕೂ ಉತ್ತರ ಸಿಗದಾಗ ಮಾತ್ರ. ಎಲ್ಲ ಕೂಡಿಸಿ ಹೊಸ ಎಣ್ಣೆ ತುಂಬಿದ ಮೇಲೆ ಅದೂ ನಾಲ್ಕು ದಿನದ ಕೆಸರಿಗೇ ಬಿಳಿಚಿದರೆ ಸೀಲು ಬದಲಿಸುವ ಕೆಲಸ ಬಾಕಿ ಉಳಿದಿದೆ ಎಂದೇ ಲೆಕ್ಕ.